ಮುಂದಿನ ಚಕ್ರಕ್ಕೆ ಹಿಡಿತ: ಇಂದ್ರಾಳಿಯ ಏರಿನಲ್ಲಿ ಕಂಡದ್ದು

ನನ್ನದು ಹಳೆಯ ಪೋಲೊ ಕಾರು, 1.5 ಲೀಟರ್ ಡೀಸೆಲ್. ಕಂಪನಿಯಿಂದ ಬಂದಾಗ 90 ಪಿಎಸ್ ಶಕ್ತಿ, 230 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ರಿಮ್ಯಾಪ್ (ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಿಸಿ ಬಲ ಹೆಚ್ಚಿಸುವುದು) ಮಾಡಿದವನು ಈಗ ಟಾರ್ಕ್ 310 ಇದೆ ಎಂದ, ಅಳೆದು ನೋಡಿದವರಿಲ್ಲ. ಉಡುಪಿಯ ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವಾಗ ಎರಡನೇ ಗೇರಿನಲ್ಲಿ ಟರ್ಬೊ ಎದ್ದಿತೋ, ಮುಂದಿನ ಚಕ್ರ ಗಿರ್ರನೆ ತಿರುಗಿ ಸ್ಟೀರಿಂಗ್ ಕೈಯನ್ನು ಜಗ್ಗುತ್ತಿತ್ತು. ಮಳೆಗಾಲದಲ್ಲಿ ಕೇಳುವುದೇ ಬೇಡ. ಮಲ್ಪೆಯಿಂದ ಬರುವ ಮೀನಿನ ಲಾರಿ ಸುರಿಸಿಕೊಂಡು ಹೋದ ನೀರು ಅದೇ ರಸ್ತೆಯಲ್ಲಿ ಜಿಡ್ಡಾಗಿ ಕುಳಿತಿರುತ್ತದೆ.

ಕಾರು ಮುನ್ನುಗ್ಗುವಾಗ ಭಾರ ಹಿಂದಕ್ಕೆ ವಾಲುತ್ತದೆ, ಏರಿನಲ್ಲಿ ಇನ್ನೂ ಹೆಚ್ಚು. ಎಳೆಯುವ ಕೆಲಸವೂ ತಿರುಗಿಸುವ ಕೆಲಸವೂ ಮುಂದಿನ ಎರಡೇ ಚಕ್ರಗಳ ಪಾಲಿನದ್ದಾದ್ದರಿಂದ, ಬೇಕಾದ ಹೊತ್ತಿಗೇ ಅವು ಹಗುರಾಗುತ್ತವೆ. "ಡಿಕ್ಕಿಯಲ್ಲಿ ಒಂದು ಮುಡಿ ಅಕ್ಕಿ ಇಟ್ಟುಕೊಳ್ಳಿ ಮಾರಾಯರೇ, ಕಾರು ಕೂರುತ್ತದೆ" ಎಂದು ಸಲಹೆ ಕೊಟ್ಟವರಿದ್ದಾರೆ. ಹಿಂದಿನ ಚಕ್ರ ತಳ್ಳುವ ಓಮ್ನಿಗೆ ಅದು ಸರಿ. ನನ್ನ ಕಾರಿಗೆ ಅಕ್ಕಿಮುಡಿ ಹೇರಿದರೆ ಮೂತಿ ಮತ್ತಷ್ಟು ಮೇಲೆದ್ದೀತು.

ಭಾನುವಾರ ಬೆಳಕು ಹರಿಯುವ ಮೊದಲು, ಖಾಲಿ ರಸ್ತೆಯಲ್ಲಿ, ಅರ್ಧ ಟ್ಯಾಂಕ್ ಡೀಸೆಲ್ ಹಾಕಿಕೊಂಡು ಹಿಡಿತಕ್ಕಾಗಿ ಮಾಡಿದ ಒಂದೊಂದು ಉಪಾಯವನ್ನೂ ಒಬ್ಬನೇ ಓಡಿಸಿ ನೋಡಿದ ಲೆಕ್ಕ ಇದು.

ಮೊದಲು ಪುಕ್ಕಟೆಯ ದಾರಿ: ಗಾಳಿ ಇಳಿಸುವುದು. 33 ಪಿಎಸ್‌ಐ ಇಡುತ್ತಿದ್ದವನು 27ಕ್ಕೆ ಇಳಿಸಿದೆ. ಒಣ ರಸ್ತೆಯಲ್ಲಿ ಹೊರಡುವಾಗ ತುಸು ಹಿಡಿತ ಬಂದದ್ದು ನಿಜ. ಆದರೆ ತಿರುವಿನಲ್ಲಿ ಸ್ಟೀರಿಂಗ್ ನಿದ್ದೆಯಿಂದ ಎದ್ದವರಂತೆ ತಡವಾಗಿ ಮಾತು ಕೇಳುತ್ತಿತ್ತು. ಗಾಳಿ ಕಡಿಮೆಯಾದಷ್ಟೂ ನಿಂತ ನೀರಿನ ಮೇಲೆ ಟೈರ್ ಬೇಗ ತೇಲುತ್ತದೆ. ಆಷಾಢದ ಒಂದು ಹೊಂಡದಲ್ಲಿ ಎಡಗಡೆಯ ರಿಮ್ ಬಾಗಿದ ದಿನವೇ ಮತ್ತೆ 33ಕ್ಕೆ ಏರಿಸಿದೆ.

ಎಂಜಿನ್ನಿನ ಕೆಳಗಿನ ಮೌಂಟಿಗೆ, ಅಂದರೆ ಅದು ಅಲುಗದಂತೆ ಹಿಡಿಯುವ ರಬ್ಬರಿನ ಆಸರೆಗೆ, ಗಟ್ಟಿ ಪಾಲಿಯುರೇಥೇನ್ ತುಂಬಿಸಿದ್ದು ಎರಡನೆಯದು. ಚಕ್ರ ಕುಪ್ಪಳಿಸುವುದು ನಿಂತಿತು, ಜಾರುವುದು ನಿಲ್ಲಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡ್ ಈಗಲೂ ಅಕ್ಕಿ ಗಿರಣಿಯಂತೆ ನಡುಗುತ್ತದೆ.

ಟೈರಿನ ವಿಷಯದಲ್ಲಿ ನಾನು ದಡ್ಡನಾದೆ. ಹಳೆಯವುಗಳಲ್ಲಿ ಇನ್ನೂ 4 ಮಿಲಿಮೀಟರ್ ಆಳದ ಪಟ್ಟಿ ಉಳಿದಿತ್ತು, ಕಾನೂನು ಕೇಳುವುದು 1.6. ಹಾಗಾಗಿ ತಪ್ಪು ಬೇರೆಲ್ಲೋ ಇದೆ ಎಂದುಕೊಂಡಿದ್ದೆ. ಟೈರ್ ಅಂಗಡಿಯವರು ಪಕ್ಕದ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನಾಲ್ಕು ಅಂಕೆ ತೋರಿಸಿದರು: 1415. ಅಂದರೆ 2015ರ ಹದಿನಾಲ್ಕನೇ ವಾರ. ಆರು ವರ್ಷ ಕರಾವಳಿಯ ಬಿಸಿಲು ತಿಂದ ರಬ್ಬರಿಗೆ ಉಗುರು ಒತ್ತಿದೆ. ಒಣ ಅಡಿಕೆಗೆ ಒತ್ತಿದ ಹಾಗಾಯಿತು.

ನನಗೆ 205 ಮಿಲಿಮೀಟರ್ ಅಗಲದ್ದೇ ಬೇಕಿತ್ತು, ಆಸೆ ಅಷ್ಟೇ. ಅಗಲ ಹೆಚ್ಚಿದರೆ ನೆಲ ಮುಟ್ಟುವ ಜಾಗ ದುಪ್ಪಟ್ಟಾಗುವುದಿಲ್ಲ. ಗಾಳಿಯ ಒತ್ತಡ ಅಷ್ಟೇ ಇದ್ದರೆ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ, ಮಳೆ ನೀರನ್ನು ಸೀಳುವ ಶಕ್ತಿಯೂ ತಗ್ಗುತ್ತದೆ. ಕೊನೆಗೆ 185/60 ಆರ್15 ಬದಲು 195/55 ಆರ್15 ಹಾಕಿಸಿದೆ (ಮೊದಲ ಅಂಕೆ ಅಗಲ, ಎರಡನೆಯದು ಅಗಲದ ಶೇಕಡಾ ಲೆಕ್ಕದಲ್ಲಿ ಪಕ್ಕದ ಗೋಡೆಯ ಎತ್ತರ, ಕೊನೆಯದು ರಿಮ್ಮಿನ ಇಂಚು). ವ್ಯಾಸ 603 ಮಿಲಿಮೀಟರಿನಿಂದ ಸುಮಾರು 596ಕ್ಕೆ ಇಳಿಯುತ್ತದೆ, ಸ್ಪೀಡೊಮೀಟರಿನಲ್ಲಿ ಶೇ 1ರಷ್ಟು ವ್ಯತ್ಯಾಸ. ಭಾರ ಹೊರುವ ಅಂಕೆ 84ರಿಂದ 85ಕ್ಕೆ ಏರಿತು, ಅದು ಇಳಿಯಬಾರದು. ಅಗಲಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಟ್ರೆಡ್‌ವೇರ್ ಅಂಕೆಯನ್ನು. ಹಳೆಯದು 440, ಹೊಸದು 280. ಅಂಕೆ ಸಣ್ಣದಾದರೆ ಸಾಮಾನ್ಯವಾಗಿ ರಬ್ಬರ್ ಮೆದು, ಸವೆತ ಬೇಗ. ಆಯಾ ಕಂಪನಿಯೇ ಪರೀಕ್ಷಿಸಿ ಕೊಡುವ ಅಂಕೆಯಾದ್ದರಿಂದ ಒಂದು ಕಂಪನಿಯದ್ದನ್ನು ಇನ್ನೊಂದರ ಜೊತೆ ತೂಗುವಾಗ ಸ್ವಲ್ಪ ಅನುಮಾನ ಇಟ್ಟುಕೊಳ್ಳಬೇಕು.

ಒದ್ದೆ ಏರಿನಲ್ಲಿ ಮೊದಲು ಅರ್ಧ ಆಕ್ಸಿಲರೇಟರಿಗೇ ಜಾರುತ್ತಿದ್ದ ಕಾರು ಈಗ ಮುಕ್ಕಾಲು ಒತ್ತಿದರೂ ತಾಳಿತು. ಉಳಿತಾಯವೆಂದು ಮುಂದಿನ ಎರಡನ್ನು ಮಾತ್ರ ಬದಲಿಸಬೇಡಿ. ಹಿಂದೆ ಗಟ್ಟಿ ರಬ್ಬರ್ ಉಳಿದರೆ ಮಳೆಯ ತಿರುವಿನಲ್ಲಿ ಬಾಲ ಮುಂದಕ್ಕೆ ಬರುತ್ತದೆ.

ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ಬಲವನ್ನು ಎಡ-ಬಲದ ಚಕ್ರಗಳಿಗೆ ಹಂಚುವ ಗೇರುಗಳ ಗುಂಪು. ಜಾರುವಿಕೆಗೆ ಕಡಿವಾಣ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ನನ್ನದಲ್ಲ, ಮಂಗಳೂರಿನ ಗೆಳೆಯನ ಕಾರಿನದು. ಗೇರ್ ಹಲ್ಲುಗಳಿಂದಲೇ ಕೆಲಸ ಮಾಡುವ ಹೆಲಿಕಲ್ ಬಗೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮಪಾಲು ಕೊಡುವುದರಿಂದ, ಜಾರುವ ಚಕ್ರ ಎಷ್ಟು ಹೊರುತ್ತದೋ ಇನ್ನೊಂದಕ್ಕೂ ಅಷ್ಟೇ ದಕ್ಕುತ್ತದೆ. ಇದು ಹಿಡಿತವಿರುವ ಕಡೆಗೆ ಹೆಚ್ಚು ಪಾಲು ದಾಟಿಸುತ್ತದೆ. ಒಂದು ಭಾನುವಾರ ಅವನು ಕಾರನ್ನು ಉಡುಪಿಗೆ ತಂದು ಕೀಲಿ ನನ್ನ ಕೈಗಿಟ್ಟ. ತಿರುವಿನಿಂದ ಹೊರಬರುವಾಗ ಮೂಗುದಾರ ಹಿಡಿದು ಎಳೆದ ಹಾಗೆ ಒಳಕ್ಕೆ ಸೆಳೆಯಿತು. ನನ್ನ ಟೈರ್ ಆ ಸುಖ ಕೊಡುವುದಿಲ್ಲ. ಆದರೆ ಅರ್ಧ ಡಾಂಬರು, ಅರ್ಧ ಮುರಕಲ್ಲಿನ ಕೆಸರು ಇದ್ದಲ್ಲಿ ಸ್ಟೀರಿಂಗ್ ನನ್ನ ಕಾರಿಗಿಂತ ಜೋರಾಗಿ ಜಗ್ಗಿತು. ಒಂದು ಚಕ್ರ ಪೂರಾ ಗಾಳಿಯಲ್ಲಿದ್ದರೆ ಈ ಬಗೆಯದ್ದು ನಿರುಪಯೋಗಿ. ಗೇರ್‌ಬಾಕ್ಸ್ ಬಿಚ್ಚಿದ ಕೂಲಿ ಸೇರಿ ಅವನಿಗೆ ಲಕ್ಷ ದಾಟಿದೆ. ಟ್ರ್ಯಾಕಿಗೆ ಹೋಗುವವನಿಗೆ ಅದು ಬೇಕು, ಮೀನು ತರಲು ಹೋಗುವ ನನಗೆ ಬೇಡ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ನನ್ನ ಅಭಿಮಾನಕ್ಕೆ ಪೆಟ್ಟು ಕೊಟ್ಟ ಉಪಾಯ. ರಿಮ್ಯಾಪ್ ಮಾಡಿದವನ ಬಳಿಗೇ ಹೋಗಿ, ಮೊದಲ ಎರಡು ಗೇರುಗಳಲ್ಲಿ ಟಾರ್ಕನ್ನು ಕಂಪನಿಯ ಮಟ್ಟಕ್ಕೆ ತಂದು, ಅದು ಏರುವ ವೇಗವನ್ನು ತಗ್ಗಿಸಲು ಹೇಳಿದೆ. ಪೂರ್ತಿ ಟಾರ್ಕ್ ಸಿಗುವುದು ಮೂರನೇ ಗೇರಿನಿಂದ. ಅವನು ನಕ್ಕ, ದುಡ್ಡು ಕೇಳಲಿಲ್ಲ. ಹೊಸ ಟೈರಿನ ಜೊತೆ ಇದು ಸೇರಿದ ಮೇಲೆ ಇಂದ್ರಾಳಿಯ ಏರಿನಲ್ಲಿ ಚಕ್ರ ಜಾರಿದ್ದು ವಿರಳ. ಹಾಗೆಂದು ರಿಮ್ಯಾಪಿಗೆ ಕಾನೂನಿನ ಆಶ್ರಯ ಇದೆಯೆಂದಲ್ಲ. ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ವಿಮೆಯವರು ಕೇಳಿದರೆ ಉತ್ತರ ನಾನೇ ಕೊಡಬೇಕು.

ಕಳೆದ ಮಳೆಗಾಲ ಹೆಬ್ರಿಯ ಹತ್ತಿರ ಅತ್ತೆಯ ಮನೆಗೆ ಹೋಗಿದ್ದೆ. ಅಂಗಳಕ್ಕೆ ಏರುವ ಮಣ್ಣಿನ ದರೆಯಲ್ಲಿ ಮೂರು ಸಲ ಪ್ರಯತ್ನಿಸಿದೆ. ಕೆಂಪು ಕೆಸರು ಆಗಷ್ಟೇ ಸುಣ್ಣ ಬಳಿದ ಪಾಗಾರಕ್ಕೆ ಎರಚಿತು. ಮಾವ ಇದೇ ಏರನ್ನು ಮಾರುತಿ 800ರಲ್ಲಿ ರಿವರ್ಸ್ ಹತ್ತುತ್ತಿದ್ದರು. ಹಿಮ್ಮುಖವಾದರೆ ಎಳೆಯುವ ಚಕ್ರ ಕೆಳಗಡೆ ಇರುತ್ತದೆ, ಭಾರವೆಲ್ಲ ಅದರ ಮೇಲೆಯೇ ಕೂರುತ್ತದೆ. ನಾನೂ ಕಾರು ತಿರುಗಿಸಿ ರಿವರ್ಸ್ ಹಾಕಿದೆ, ಒಂದೇ ಉಸಿರಿಗೆ ಮೇಲೆ ಬಂದೆ. ಅತ್ತೆ ಪಾಗಾರವನ್ನೊಮ್ಮೆ, ಟೈರನ್ನೊಮ್ಮೆ ನೋಡಿ, "ಅಷ್ಟು ದುಡ್ಡು ಕೊಟ್ಟದ್ದು ಇದಕ್ಕೆಯಾ?" ಎಂದರು.