ಲೀ ಕಾಲೆಟ್ ನೆಕ್ ಸೈಜಿಂಗ್ ಡೈ: ಕೇಸಿನ ಕೊರಳು ಸೀಳದಂತೆ ಕಾಯುವ ಅಗ್ಗದ ಸಾಧನ

ರೈಫಲ್ ಕಾಡತೂಸುಗಳನ್ನು ಮನೆಯಲ್ಲೇ ರೀಲೋಡ್ ಮಾಡುವವರಿಗೆ, ಅಂದರೆ ಹಾರಿಸಿದ ಹಿತ್ತಾಳೆಯ ಕೋಶಗಳಿಗೆ (ಕೇಸುಗಳಿಗೆ) ಮತ್ತೆ ಮದ್ದು, ಬುಲೆಟ್ ತುಂಬುವವರಿಗೆ, ಬುಲೆಟ್ಟನ್ನು ಹಿಡಿಯುವ ಕೇಸಿನ ಕೊರಳು ಉದ್ದುದ್ದಕ್ಕೆ ಸೀಳತೊಡಗಿದೊಡನೆ ನೆನಪಾಗುವುದು ಅದನ್ನು ಕಾಯಿಸಿ ಮೆದುಗೊಳಿಸುವ ಅನೀಲಿಂಗ್ ಯಂತ್ರ. ಸಾವಿರ ಡಾಲರಿಗೂ ಮಿಕ್ಕಿದ ಇಂಡಕ್ಷನ್ ಯಂತ್ರಗಳು ಒಳ್ಳೆಯ ಕೆಲಸವನ್ನೇ ಮಾಡುತ್ತವೆ. ಆದರೆ ಗಡುಸಾದ ಹಿತ್ತಾಳೆಯನ್ನು ಮೆದುಗೊಳಿಸಲು ಅಷ್ಟು ಹಣ ಸುರಿಯುವ ಮುನ್ನ, ಅದು ಅಷ್ಟು ಬೇಗ ಗಡುಸಾಗುವುದೇಕೆ ಎಂದು ವಿಚಾರಿಸುವುದು ಲೇಸು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೀ ಪ್ರಿಸಿಷನ್ ಕಂಪನಿಯ ಈ ಕಾಲೆಟ್ ಡೈ (ರೀಲೋಡಿಂಗ್ ಪ್ರೆಸ್ಸಿಗೆ ಕೂರಿಸಿ, ಹಿಗ್ಗಿದ ಕೊರಳನ್ನು ಮತ್ತೆ ಅಳತೆಗೆ ತರುವ ಅಚ್ಚು) ಐವತ್ತು ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ, ಮತ್ತು ರೋಗಕ್ಕಿಂತ ಮೊದಲು ಅದರ ಮೂಲಕ್ಕೆ ಕೈಹಾಕುತ್ತದೆ. .308 ವಿಂಚೆಸ್ಟರ್ ಕಾಡತೂಸಿನ, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಬೋಲ್ಟ್ ಆಕ್ಷನ್ ರೈಫಲಿನ ಕೇಸುಗಳಿಗೆ ಇದನ್ನು ಬಳಸಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಕೇಸಿನ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತುವು ಇರುತ್ತದೆ. ಹಿಗ್ಗಿಸಿ ಕುಗ್ಗಿಸಿದಷ್ಟೂ ಈ ಮಿಶ್ರಲೋಹ ಗಡುಸಾಗಿ ಬಿರುಸಾಗುತ್ತದೆ; ತಟ್ಟೆ ಬಡಿಯುವ ಕಂಚುಗಾರರು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದೂ ಇದೇ ಕಾರಣಕ್ಕೆ. ಗುಂಡು ಹಾರಿದಾಗ ಕೊರಳು ಚೇಂಬರಿನ (ನಳಿಗೆಯಲ್ಲಿ ಕಾಡತೂಸು ಕೂರುವ ಗೂಡಿನ) ಗೋಡೆಯವರೆಗೆ ಹಿಗ್ಗುವುದನ್ನು ಯಾರೂ ತಪ್ಪಿಸಲಾರರು. ತಪ್ಪಿಸಬಹುದಾದದ್ದು ಡೈ ಕೊಡುವ ಹೆಚ್ಚುವರಿ ಪೆಟ್ಟು. ಹಾರಿಸಿದ .308 ಕೇಸಿನ ಕೊರಳಿನ ಹೊರವ್ಯಾಸ ಸುಮಾರು 0.344 ಇಂಚು ಇದೆಯೆಂದು ಇಟ್ಟುಕೊಳ್ಳೋಣ. ತೆಳುಗೊರಳಿನ ಕೇಸನ್ನೂ ಬಿಗಿಹಿಡಿಯಬೇಕೆಂಬ ಎಣಿಕೆಯಿಂದ ಮಾಡಿದ ಸಾಮಾನ್ಯ ಫುಲ್ ಲೆಂಗ್ತ್ ಡೈ (ಕೇಸಿನ ಇಡೀ ಮೈಯನ್ನು ಅಳತೆಗೆ ತರುವ ಡೈ) ಅದನ್ನು 0.331ರ ಸುಮಾರಿಗೆ ಹಿಂಡಿಬಿಡುತ್ತದೆ. ಆಮೇಲೆ ಅದೇ ಡೈನ ಎಕ್ಸ್‌ಪಾಂಡರ್ ಗುಂಡಿ (ಕೊರಳನ್ನು ಹಿಗ್ಗಿಸುವ ಉಕ್ಕಿನ ಉಂಡೆ) ಒಳಗಿನಿಂದ ಎಳೆದುಕೊಂಡು ಬಂದು 0.336ಕ್ಕೆ ಮರಳಿ ಹಿಗ್ಗಿಸುತ್ತದೆ. ಒಟ್ಟು 0.018 ಇಂಚಿನಷ್ಟು ಚಲನೆ. ಬೇಕಾಗಿದ್ದದ್ದು 0.008 ಮಾತ್ರ.

ಕಾಲೆಟ್ ಡೈನಲ್ಲಿ ಎಕ್ಸ್‌ಪಾಂಡರ್ ಗುಂಡಿಯೇ ಇಲ್ಲ. ಕೊರಳಿನೊಳಗೆ ಒಂದು ಉಕ್ಕಿನ ಮ್ಯಾಂಡ್ರೆಲ್ (ಅಳತೆಯ ಸರಳು) ನಿಲ್ಲುತ್ತದೆ. ಕೇಸಿನ ಬುಡವನ್ನು ಹಿಡಿಯುವ ಶೆಲ್ ಹೋಲ್ಡರ್ ಮೇಲಕ್ಕೆ ಒತ್ತಿದಾಗ ಕಾಲೆಟ್ಟಿನ, ಅಂದರೆ ಸೀಳಿದ ಉಕ್ಕಿನ ಕೊಳವೆಯ, ಬೆರಳುಗಳು ಸುತ್ತಲಿನಿಂದ ಮುಚ್ಚಿಕೊಂಡು ಹಿತ್ತಾಳೆಯನ್ನು ಆ ಮ್ಯಾಂಡ್ರೆಲ್ಲಿಗೆ ಅಪ್ಪಿ ಹಿಡಿಯುತ್ತವೆ. ಎಳೆತವಿಲ್ಲ, ಉಜ್ಜಾಟವಿಲ್ಲ, ಆದ್ದರಿಂದ ಕೇಸಿಗೆ ಎಣ್ಣೆ ಸವರುವ, ಮತ್ತೆ ಒರೆಸುವ ಬೇಸರದ ಕೆಲಸವೂ ಇಲ್ಲ.

ದೂರುಗಳಿಲ್ಲವೆಂದಲ್ಲ. ಪೆಟ್ಟಿಗೆಯಿಂದ ತೆಗೆದ ಡೈನ ಒಳಭಾಗ ಒರಟಾಗಿರಬಹುದು. ಬಿಚ್ಚಿ, ಕಾಲೆಟ್ಟಿನ ಓರೆ ಮೈಯನ್ನು ನಯವಾಗಿ ಉಜ್ಜಿ, ಸ್ವಲ್ಪ ಗ್ರೀಸ್ ಹಚ್ಚಿದರೆ ವರ್ತನೆಯೇ ಬದಲಾಗುತ್ತದೆ. ಈ ಬೆಲೆಗೆ ಅಷ್ಟು ಶ್ರಮ ನನಗೆ ಅನ್ಯಾಯವೆನಿಸಲಿಲ್ಲ. ಪ್ರೆಸ್ಸಿನ ಹಿಡಿಕೆಯ ಮೇಲೆ ಸುಮಾರು 25 ಪೌಂಡಿನ ಒತ್ತಡ ಬೇಕು, ಅದು ಕೈಗೆ ಹತ್ತಲು ಕೆಲವು ಕೇಸುಗಳಾದರೂ ಹಿಡಿಯುತ್ತವೆ. ಕೇಸಿಲ್ಲದೆ ಖಾಲಿ ಡೈಯನ್ನು ಒತ್ತಿದರೆ ಕಾಲೆಟ್ ಮುಚ್ಚಿಕೊಂಡೇ ಉಳಿದು ಹಾಳಾಗಬಹುದು. ಇದು ಕೊರಳನ್ನು ಮಾತ್ರ ಸರಿಪಡಿಸುತ್ತದೆ, ಕೊರಳಿನ ಕೆಳಗಿನ ಇಳಿಜಾರಾದ ಭುಜವನ್ನು ಹಿಂದಕ್ಕೆ ತಳ್ಳುವುದಿಲ್ಲ. ಹಾಗಾಗಿ ಕೆಲವು ಸುತ್ತುಗಳಾದ ಮೇಲೆ ಬೋಲ್ಟ್ ಮುಚ್ಚುವಾಗ ಬಿಗಿಯೆನಿಸಿದರೆ ಕೇಸಿನ ಮೈ, ಭುಜಗಳನ್ನು ಸರಿಪಡಿಸುವ ಬಾಡಿ ಡೈ ಪ್ರತ್ಯೇಕವಾಗಿ ಬೇಕು.

ಅನೀಲಿಂಗ್ ಬೇಡವೇ ಬೇಡವೆಂದು ಇದರ ಅರ್ಥವಲ್ಲ, ಅದರ ಸರದಿ ತಡವಾಗಿ ಬರುತ್ತದೆ ಅಷ್ಟೇ. ಗಡುಸಾದ ಕೊರಳು ಹಿಂಡಿದ ಮೇಲೂ ಪುಟಿದು ಹಿಗ್ಗುವುದರಿಂದ, ಬುಲೆಟ್ ಕೂರಿಸುವಾಗ ಹಿಡಿತ ಕೇಸಿನಿಂದ ಕೇಸಿಗೆ ಬೇರೆಯೆನಿಸಿದರೆ ಸಮಯ ಬಂತೆಂದು ತಿಳಿಯಬೇಕು. ಗ್ಯಾಸ್ ಟಾರ್ಚ್ ಬಳಸುವವರು ಕೊರಳಿನ ಒಳಗೆ ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಟೆಂಪಿಲಾಕನ್ನೂ (ಶಾಖ ತೋರಿಸುವ ಲೇಪ), ಭುಜದ ಕೆಳಗೆ ಸುಮಾರು 230 ಡಿಗ್ರಿಯದನ್ನೂ ಹಚ್ಚಿಕೊಳ್ಳುವುದು ಕ್ಷೇಮ. 62,000 ಪಿಎಸ್ಐವರೆಗಿನ (ಚದರ ಇಂಚಿಗೆ ಪೌಂಡ್) ಒತ್ತಡವನ್ನು ತಡೆಯಬೇಕಾದ ಬುಡಕ್ಕೆ ಈ ಶಾಖ ತಗುಲಲೇಬಾರದು. ಮೆದುವಾದ ಬುಡ ಬಿರಿದರೆ ಬಿಸಿ ಅನಿಲ ಬರುವುದು ಮುಖದತ್ತ. ಈಗಾಗಲೇ ಸೀಳಿದ ಕೇಸಿಗೆ ಡೈ, ಬೆಂಕಿ ಎರಡೂ ಪ್ರಯೋಜನವಿಲ್ಲ, ಜಜ್ಜಿ ಗುಜರಿಗೆ ಹಾಕುವುದೇ ಸರಿ.

ಕೇಸು ಬಿರಿಯಲು ಇರುವ ಇನ್ನೊಂದು ಕಾರಣ ಡೈಗೂ ಟಾರ್ಚಿಗೂ ಸಂಬಂಧಿಸಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಕಾಡತೂಸುಗಳನ್ನು ಇಟ್ಟಾಗ ಅವು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಗಳ ಮೂತ್ರದ ಅಮೋನಿಯಾ ಕಾರಣವೆಂಬುದು 1921ರಲ್ಲಿ ವಿವರವಾಗಿ ತಿಳಿಯಿತು. ಆದ್ದರಿಂದ ಅಮೋನಿಯಾ ಬೆರೆತ ಹಿತ್ತಾಳೆ ಪಾಲಿಶ್ ಕೇಸುಗಳ ಹತ್ತಿರ ಸುಳಿಯಕೂಡದು.

ಬೋಲ್ಟ್ ಆಕ್ಷನ್ ರೈಫಲ್ ಇರುವವರಿಗೆ ಈ ಡೈಯನ್ನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಸೆಮಿ ಆಟೊಮ್ಯಾಟಿಕ್ ರೈಫಲಿನವರಿಗೆ ಪ್ರತಿ ಸಲವೂ ಕೇಸಿನ ಇಡೀ ಮೈಯನ್ನು ಸೈಜ್ ಮಾಡಬೇಕಾಗುವುದರಿಂದ ಇದು ಒದಗುವುದಿಲ್ಲ, ಅವರು 0.001 ಇಂಚಿನ ಅಂತರಗಳಲ್ಲಿ ಬುಶಿಂಗ್ (ಕೊರಳನ್ನು ಹಿಂಡುವ, ಬದಲಿಸಬಹುದಾದ ಉಂಗುರ) ಆರಿಸಿಕೊಳ್ಳಬಹುದಾದ ರೆಡಿಂಗ್ ಕಂಪನಿಯ ಫುಲ್ ಲೆಂಗ್ತ್ ಬುಶಿಂಗ್ ಡೈಯನ್ನು ನೋಡಲಿ, ಬೆಲೆ ಹೆಚ್ಚಾದರೂ.