ಗ್ಯಾಸ್ ಹೀಟರ್ ತಾನಾಗೇ ಆರಿಹೋಗ್ತಿದ್ರೆ ಅದರ ಸೇಫ್ಟಿ ಸ್ವಿಚ್ ತೆಗೆಸಬೇಡಿ

ವರ್ಕ್‌ಶಾಪ್, ಗೋಡೌನ್, ದೊಡ್ಡ ಗ್ಯಾರೇಜುಗಳಲ್ಲಿ ಸೂರಿಗೆ ನೇತುಹಾಕಿದ ಗ್ಯಾಸ್ ಹೀಟರ್ ಇರುತ್ತಲ್ಲ, ಯೂನಿಟ್ ಹೀಟರ್ ಅಂತಾರೆ, ಅದರ ಬಗ್ಗೆ ಬರೆಯುತ್ತಿದ್ದೇನೆ. ಇಂಥ ಜಾಗದಲ್ಲಿ ನೀವೋ ನಿಮ್ಮವರೋ ಕೆಲಸ ಮಾಡುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ. ನಮ್ಮ ಜೊತೆ ಕೆಲಸ ಮಾಡುವ ಹುಡುಗನೊಬ್ಬನ ಜೀವ ಕೂದಲೆಳೆಯಲ್ಲಿ ಉಳಿಯಿತು.

ನಮ್ಮದು ಮರಗೆಲಸದ ವರ್ಕ್‌ಶಾಪ್. ಹೀಟರ್ ಹಳೆಯದು, ಆದರೆ ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ಆ ಸಲ ಚಳಿಗಾಲಕ್ಕೆ ಮುಂಚೆ ಪಾಲಿಶ್ ಮಾಡುವ ಮೂಲೆಗೆ ದೊಡ್ಡದೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದರು. ಚಳಿ ಬಂತು, ಬಾಗಿಲು ಕಿಟಕಿ ಎಲ್ಲ ಮುಚ್ಚಿದೆವು. ಅಲ್ಲಿಂದ ಹೀಟರ್ ಹತ್ತಿದ ಸ್ವಲ್ಪ ಹೊತ್ತಿಗೇ ಆರಿಹೋಗಲು ಶುರುವಾಯಿತು. ಬಟನ್ ಒತ್ತಿದರೆ ಮತ್ತೆ ಹತ್ತುತ್ತಿತ್ತು, ಮತ್ತೆ ಆರುತ್ತಿತ್ತು.

ಮಾಲೀಕರು ಒಬ್ಬ ಟೆಕ್ನಿಷಿಯನ್‌ನನ್ನು ಕರೆಸಿದರು. ಆತ ಏಣಿ ಹತ್ತಿ ನೋಡಿ, "ಸೆನ್ಸರ್ ಹೋಗಿದೆ ಸರ್, ಹೊಸದು ಬರೋವರೆಗೆ ಡೈರೆಕ್ಟ್ ಮಾಡಿರ್ತೀನಿ" ಅಂದ. ಹೊಗೆ ಕೊಳವೆಯ ಬುಡದಲ್ಲಿ ನಡುವೆ ಕೆಂಪು ಬಟನ್ ಇರುವ ಒಂದು ಪುಟ್ಟ ಸ್ವಿಚ್ ಇದೆ. ಅದಕ್ಕೆ ಹೋಗುವ ಎರಡು ವೈರ್ ಬಿಚ್ಚಿ, ಒಂದಕ್ಕೊಂದು ತಿರುಚಿ, ಕಪ್ಪು ಟೇಪ್ ಸುತ್ತಿ ಇಳಿದ. ಹೀಟರ್ ಇಡೀ ದಿನ ಓಡಿತು. ಎಲ್ಲರಿಗೂ ಖುಷಿ.

ಸ್ವಿಚ್ ಹಾಳಾಗಿರಲೇ ಇಲ್ಲ. ಹೊಗೆ ಹೊರಗೆ ಹೋಗದೆ ವಾಪಸ್ ಒಳಗೆ ಬಂದರೆ ಅಲ್ಲಿ ಬಿಸಿಯೇರುತ್ತದೆ, ಆಗ ಗ್ಯಾಸ್ ನಿಲ್ಲಿಸಬೇಕು. ಆ ಸ್ವಿಚ್ ಇರುವುದೇ ಅದಕ್ಕೆ. ಪ್ರತಿ ಸಲವೂ ಅದು ತನ್ನ ಕೆಲಸವನ್ನೇ ಮಾಡುತ್ತಿತ್ತು.

ಹೊಗೆ ಯಾಕೆ ವಾಪಸ್ ಬಂತು? ಹಳೆಯ ಮಾದರಿಯ ಹೀಟರುಗಳಲ್ಲಿ ಹೊಗೆಯನ್ನು ತಳ್ಳಲು ಫ್ಯಾನ್ ಇರುವುದಿಲ್ಲ. ಬಿಸಿ ಹೊಗೆ ಹಗುರವಾಗಿ ತಾನೇ ಮೇಲೇರಿ ಕೊಳವೆಯಿಂದ ಆಚೆ ಹೋಗಬೇಕು. ಆ ಎಳೆತ ತುಂಬಾ ಸಣ್ಣದು. ಎಕ್ಸಾಸ್ಟ್ ಫ್ಯಾನ್ ಒಳಗಿನ ಗಾಳಿಯನ್ನು ಜೋರಾಗಿ ಹೊರಗೆ ಹಾಕುತ್ತಿರುತ್ತದೆ, ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು ಅಲ್ವಾ? ಬಾಗಿಲು ಕಿಟಕಿ ಮುಚ್ಚಿದ್ದರೆ ಉಳಿಯುವ ದಾರಿ ಹೊಗೆ ಕೊಳವೆಯೊಂದೇ. ಒಂದು ಪಾಲು ನೈಸರ್ಗಿಕ ಅನಿಲ ಸರಿಯಾಗಿ ಉರಿಯಲು ಸುಮಾರು 10 ಪಾಲು ಗಾಳಿ ಬೇಕು. ಉರಿದ ಹೊಗೆಯೇ ಸುತ್ತಿ ಸುತ್ತಿ ಬರ್ನರ್‌ಗೆ ಬಂದರೆ ಆಮ್ಲಜನಕ ಸಾಲದೆ ಅರೆಬರೆ ಉರಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಮಗೆಲ್ಲ ತಲೆನೋವು ಬರತೊಡಗಿತು. ಕೆಲವರಿಗೆ ಹೊಟ್ಟೆ ತೊಳೆಸುತ್ತಿತ್ತು. ಪಾಲಿಶ್ ವಾಸನೆ ಇರಬೇಕು, ಇಲ್ಲಾ ಜ್ವರ ಬರುತ್ತಿರಬೇಕು ಅಂದುಕೊಂಡೆವು. ಆದರೆ ಮೈ ಬಿಸಿ ಇರಲಿಲ್ಲ, ಮನೆಗೆ ಹೋದರೆ ತಲೆನೋವು ತಾನಾಗೇ ಇಳಿಯುತ್ತಿತ್ತು. ಈ ಎರಡನ್ನು ದಯವಿಟ್ಟು ನೆನಪಿಡಿ. ಜ್ವರವಿಲ್ಲದ ತಲೆನೋವು, ಒಂದೇ ಜಾಗದಲ್ಲಿರುವ ಎಲ್ಲರಿಗೂ ಬರುತ್ತದೆ, ಹೊರಗೆ ಹೋದರೆ ಕಡಿಮೆಯಾಗುತ್ತದೆ ಅಂದರೆ ಅದು ಗಾಳಿಯ ತೊಂದರೆ.

ಒಂದು ಸಂಜೆ ಆ ಹುಡುಗ ಹೀಟರ್ ಹತ್ತಿರದ ಅಟ್ಟದ ಮೇಲೆ ಹಲಗೆ ಜೋಡಿಸುತ್ತಿದ್ದವನು ಅಲ್ಲೇ ಕುಸಿದ. ಎತ್ತಿಕೊಂಡು ಹೊರಗೆ ತಂದೆವು. ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರೆ ಆಮ್ಲಜನಕ ಸರಿಯಾಗೇ ಇದೆ ಅಂತ ತೋರಿಸಿತು! ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಾಮೂಲಿ ಕ್ಲಿಪ್‌ಗೆ ಅದಕ್ಕೂ ಆಮ್ಲಜನಕಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೀಟರ್ ಓಡುತ್ತಿತ್ತು ಅಂತ ನಮ್ಮಲ್ಲೊಬ್ಬರು ಹೇಳಿದ್ದಕ್ಕೆ ಡಾಕ್ಟರಮ್ಮ ಕೂಡಲೇ ರಕ್ತದಲ್ಲಿ ಈ ವಿಷ ಎಷ್ಟಿದೆ ಅಂತ ತೋರಿಸುವ ಬೇರೆ ಪರೀಕ್ಷೆ (ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ) ಮಾಡಿಸಿದರು, ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರು. ಮಾಮೂಲಿ ಗಾಳಿಯಲ್ಲಿ ಈ ವಿಷ ರಕ್ತದಲ್ಲಿ ಅರ್ಧಕ್ಕಿಳಿಯಲು 4–5 ಗಂಟೆ ಬೇಕು. ಹೀಗೆ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ. ಹುಡುಗ ಎದ್ದು ಕೂತ. ಆದರೆ ಕೆಲವು ವಾರಗಳಾದ ಮೇಲೆ ಅವನಿಗೆ ಮರೆವು ಶುರುವಾಯಿತು, ಅಳತೆ ತೆಗೆದು ಬರೆಯುವುದರೊಳಗೆ ಮರೆಯುತ್ತಿದ್ದ. ಈ ವಿಷದಲ್ಲಿ ಹೀಗೆ ತಡವಾಗಿಯೂ ಆಗಬಹುದಂತೆ. ಹಾಗಾಗಿ ಆಸ್ಪತ್ರೆಯಿಂದ ಬಂದ ಮೇಲೂ ಗಮನ ಇಟ್ಟಿರಿ.

ಆ ಟೆಕ್ನಿಷಿಯನ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸ್ವಿಚ್ ಯಾಕೆ ಹೀಟರ್ ಆರಿಸುತ್ತಿದೆ ಅಂತ ನೋಡಲು ಒಂದು ಬೆಂಕಿಕಡ್ಡಿ ಸಾಕಿತ್ತು. ಬಾಗಿಲು ಕಿಟಕಿ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಎಲ್ಲ ಹಾಕಿ, ಹೀಟರ್ ಸುಮಾರು 5 ನಿಮಿಷ ಓಡಿದ ಮೇಲೆ, ಆಗಷ್ಟೇ ಆರಿಸಿದ ಕಡ್ಡಿಯನ್ನು ಹೊಗೆ ಕೊಳವೆ ಬುಡದ ತೆರೆದ ಬಾಯಿಯ ಹತ್ತಿರ ಹಿಡಿಯಬೇಕು. ಕಡ್ಡಿಯ ಹೊಗೆ ಒಳಗೆ ಎಳೆದುಕೊಂಡರೆ ಸರಿ. ಆಚೆ ತಳ್ಳಿದರೆ ಹೀಟರ್ ಅಲ್ಲೇ ನಿಲ್ಲಬೇಕು. ರಿಪೇರಿಯವರ ಕೈಲಿ ಇದನ್ನು ನಿಮ್ಮ ಕಣ್ಣೆದುರಿಗೇ ಮಾಡಿಸಿ. ನಮ್ಮಲ್ಲಿ ಆಮೇಲೆ ಬಂದವರು ಮೊದಲು ಮಾಡಿದ್ದೇ ಇದು. ಫ್ಯಾನ್ ಹಾಕಿದ ತಕ್ಷಣ ಹೊಗೆ ಅವರ ಮುಖಕ್ಕೇ ಬಂತು.

ಈಗ ಎಕ್ಸಾಸ್ಟ್ ಎಳೆಯುವಷ್ಟೇ ಗಾಳಿ ಒಳಗೆ ಬರಲು ಬೇರೆ ದಾರಿ ಮಾಡಿದ್ದಾರೆ. ಉರಿಯುವುದಕ್ಕೆ ಬೇಕಾದ ಗಾಳಿಯನ್ನು ಬೇರೆ ಕೊಳವೆಯಲ್ಲಿ ಹೊರಗಿನಿಂದಲೇ ತೆಗೆದುಕೊಳ್ಳುವ ಹೀಟರ್ ಹಾಕಿದ್ದಾರೆ. ಧೂಳು, ಪಾಲಿಶ್ ಇರುವ ಜಾಗಕ್ಕೆ ಅದೇ ಸರಿ. ಇನ್ನೊಂದು ಮಾತು. ಜಿಡ್ಡು ತೆಗೆಯುವ ಕೆಲವು ದ್ರಾವಣಗಳಲ್ಲಿ ಕ್ಲೋರಿನ್ ಇರುತ್ತದೆ. ಅದರ ಆವಿ ಬೆಂಕಿಗೆ ಸಿಕ್ಕರೆ ಆಮ್ಲವಾಗಿ ಹೀಟರ್ ಒಳಗೆ ಹೊಗೆಯನ್ನೂ ಬಿಸಿಗಾಳಿಯನ್ನೂ ಬೇರೆಯಾಗಿಡುವ ತಗಡನ್ನು ತಿನ್ನುತ್ತದೆ. ತಗಡು ಬಿರುಕು ಬಿಟ್ಟರೆ ಹೊಗೆ ನೇರ ಬಿಸಿಗಾಳಿಗೇ ಸೇರುತ್ತದೆ. ವರ್ಷಕ್ಕೊಮ್ಮೆ, ಚಳಿಗೆ ಮುಂಚೆ, ಆ ತಗಡನ್ನೂ ಕೊಳವೆಯನ್ನೂ ತೋರಿಸಿ. ಉರಿ ನೀಲಿ ಇರಬೇಕು. ಹಳದಿಯಾಗಿ ಬಳುಕಿದರೆ, ಪೆಟ್ಟಿಗೆಯ ಮೇಲೆ ಮಸಿ ಕಂಡರೆ ಆಫ್ ಮಾಡಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಅಮೆರಿಕದ ಯುಎಲ್ 2034 ಮಾನದಂಡದ ಅಲಾರಂ 70 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 70 ಪಾಲು ಈ ವಿಷ) ಇದ್ದರೆ ಕೂಗಲು 1ರಿಂದ 4 ಗಂಟೆ ತೆಗೆದುಕೊಳ್ಳಬಹುದು. 400 ಪಿಪಿಎಂ ಆದರೆ 4ರಿಂದ 15 ನಿಮಿಷ. ಅದರ ಸೆನ್ಸರ್‌ಗೂ ಆಯಸ್ಸಿದೆ, ಹಿಂದೆ ಬರೆದಿರುವ ದಿನಾಂಕ ನೋಡಿ.

ಅಲಾರಂ ಕೂಗಿದರೆ, ಇಲ್ಲಾ ಇಬ್ಬರು ಮೂವರಿಗೆ ಒಟ್ಟಿಗೆ ತಲೆ ಸುತ್ತಿದರೆ, ಕಾರಣ ಹುಡುಕುತ್ತಾ ಒಳಗೆ ನಿಲ್ಲಬೇಡಿ. ಎಲ್ಲರೂ ಹೊರಗೆ ಬಂದು ಎಣಿಸಿಕೊಳ್ಳಿ, ಅಟ್ಟದ ಮೇಲಿರುವವರನ್ನು ಮರೆಯಬೇಡಿ, ಹೊರಗಿನಿಂದಲೇ ಫೋನ್ ಮಾಡಿ. ಆಸ್ಪತ್ರೆಗೆ ಹೋದರೆ "ಗ್ಯಾಸ್ ಹೀಟರ್ ಇರುವ ಜಾಗದಿಂದ ಬಂದಿದ್ದೇವೆ, ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಮಾಡಿ" ಅಂತ ಮೊದಲ ಮಾತಲ್ಲೇ ಹೇಳಿ.