ಯಾವ ಶ್ರೀನಿವಾಸ್ ಬೇಕು ಸ್ವಾಮಿ?

ನಾವು ಹಾಡು ಕೇಳುವ ಆ್ಯಪ್‌ನ ಸೌಂಡ್ ಚೆನ್ನಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಬೈಗುಳವೇ ಜಾಸ್ತಿ ಇದೆ. ಹಳೇ ಕನ್ನಡ ಹಾಡುಗಳೂ ರಾಶಿ ಇವೆ. ಮಧ್ಯೆ ಜಾಹೀರಾತಿನ ಕಾಟ ಇಲ್ಲ. ಮನೆಮಂದಿಗೆಲ್ಲ ಸೇರಿ ಒಂದೇ ಚಂದಾ. ಆ್ಯಪ್ ಹೆಸರು ಬೇಡ ಬಿಡಿ.

ಮಂಡ್ಯದ ನೂರಡಿ ರಸ್ತೆಯಲ್ಲಿ ನನ್ನದು ಮೊಬೈಲ್ ಅಂಗಡಿ. ಅದೇ ಮಳಿಗೆಯಲ್ಲಿ ಮೊದಲು ಕ್ಯಾಸೆಟ್ ಮಾರುತ್ತಿದ್ದೆ. ಹಾಗಾಗಿ ಯಾರ ಹಾಡು ಯಾವ ಸಾಲಿನಲ್ಲಿ ಇರಬೇಕು ಅನ್ನೋ ವಿಚಾರದಲ್ಲಿ ನನಗೆ ಸ್ವಲ್ಪ ಹಟ.

ಅಮ್ಮನಿಗೆ ಪಿ.ಬಿ. ಶ್ರೀನಿವಾಸ್ ಅಂದ್ರೆ ಪ್ರಾಣ. ಆ್ಯಪ್‌ನಲ್ಲಿ ಬರೀ ‘ಶ್ರೀನಿವಾಸ್’ ಅಂತ ಒಂದು ಪುಟ ಇದೆ. ಫೋಟೋ ಪಿಬಿಎಸ್ ಅವರದ್ದೇ, ತಲೆ ಮೇಲೆ ಪೇಟ, ಜೇಬಿನ ತುಂಬ ಪೆನ್ನು. ಒತ್ತಿದರೆ ಬರುವುದು ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್! ಅದು ಮುಗಿದರೆ ತಮಿಳು ಸಿನಿಮಾಗಳಲ್ಲಿ ಹಾಡುವ ಇನ್ನೊಬ್ಬ ಶ್ರೀನಿವಾಸ್. ಮೂವರೂ ಘಟಾನುಘಟಿಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಜ್‌ಕುಮಾರ್‌ಗೆ ವರ್ಷಗಟ್ಟಲೆ ದನಿಯಾದವರು ಬೇಕು ಅಂತ ಕೂತವರಿಗೆ ಮ್ಯಾಂಡೊಲಿನ್ ಕೊಟ್ಟರೆ ಹೇಗೆ? ‘ಏನ್ಲಾ ಇದು, ಇವರು ಹಾಡಕ್ಕೆ ಶುರು ಮಾಡೋದು ಯಾವಾಗ?’ ಅಂತ ಅಮ್ಮ ಕೇಳುತ್ತಲೇ ಇದ್ದರು.

ಮಗನ ಗೋಳು ಬೇರೆ. ಅವನಿಗೆ ನಿರ್ವಾಣ ಅನ್ನೋ ರಾಕ್ ತಂಡ ಇಷ್ಟ. 1987ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾಗಿ, 1991ರಲ್ಲಿ ‘ನೆವರ್‌ಮೈಂಡ್’ ಆಲ್ಬಂನಿಂದ ಲೋಕಕ್ಕೆಲ್ಲ ಗೊತ್ತಾದ ತಂಡ. ಅವನು ಆ ಪುಟ ತೆರೆದರೆ, ಗಿಟಾರ್ ಗದ್ದಲದ ಮಧ್ಯೆ ಮೆತ್ತಗೆ, ತಂತಿವಾದ್ಯ ಇಟ್ಟುಕೊಂಡು ಹಾಡುವವರು ಯಾರೋ ಬಂದರು. ಅದು ಲಂಡನ್ನಿನ ನಿರ್ವಾಣ. ಇವರ ಮೊದಲ ಆಲ್ಬಂ ಬಂದಿದ್ದು 1967ರಲ್ಲೇ, ಅಂದರೆ ಹೆಸರು ಮೊದಲು ಇವರದ್ದು. ಅಮೆರಿಕದವರು ಹೆಸರು ಮಾಡಿದ ಮೇಲೆ ಇವರು ಕೋರ್ಟಿಗೆ ಹೋದರು. ಕೊನೆಗೆ ಹೊರಗೇ ರಾಜಿಯಾಗಿ, ಇಬ್ಬರೂ ಅದೇ ಹೆಸರು ಇಟ್ಟುಕೊಂಡರು. ತಮಾಷೆ ಅಂದರೆ, ಲಂಡನ್ನಿನವರು ಆಮೇಲೆ ಅಮೆರಿಕದವರ ‘ಲಿಥಿಯಂ’ ಹಾಡನ್ನು ತಾವೂ ಹಾಡಿ ರೆಕಾರ್ಡ್ ಮಾಡಿದರು. ಈಗ ಒಂದೇ ಪುಟದಲ್ಲಿ ನಿರ್ವಾಣದ ಲಿಥಿಯಂ ಎರಡು. ಆ್ಯಪ್ ತಾನೇ ಏನು ಮಾಡೀತು ಅಂತ ಒಂದು ಕ್ಷಣ ಪಾಪ ಅನ್ನಿಸಿತು. ಒಂದೇ ಕ್ಷಣ.

ಇದು ಹೀಗಾಗುತ್ತದೆ. ಹಾಡು ಕಂಪನಿಯಿಂದ ಅಥವಾ ಹಾಡಿದವರಿಂದ ವಿತರಕರ ಕೈಗೆ ಹೋಗುತ್ತದೆ. ಅಲ್ಲಿಂದ ಆ್ಯಪ್‌ಗೆ. ಜೊತೆಗೆ ಹಾಡಿನ ವಿವರ ತುಂಬಿ ಕಳಿಸುತ್ತಾರೆ. ಕಲಾವಿದರ ಜಾಗದಲ್ಲಿ ಬರೀ ಹೆಸರು ಬರೆದು, ಇಂಥ ಪುಟಕ್ಕೇ ಹೋಗಲಿ ಅಂತ ಗುರುತು ಕೊಡದಿದ್ದರೆ, ಯಂತ್ರ ಅದೇ ಹೆಸರಿನ ಪುಟಕ್ಕೆ ಸೇರಿಸಿಬಿಡುವುದುಂಟು. ಇದಕ್ಕೆ ಮದ್ದು ಇಲ್ಲ ಅಂತಲ್ಲ. ಕಲಾವಿದರು, ಲೇಖಕರಂಥವರನ್ನು ಗುರುತಿಸಕ್ಕೆ ಅಂತ 16 ಅಂಕೆಯ ಐಎಸ್‌ಎನ್‌ಐ ಸಂಖ್ಯೆ ಇದೆ. ರೆಕಾರ್ಡ್ ಸಂಗ್ರಹಿಸುವವರ ಡಿಸ್ಕಾಗ್ಸ್ ತಾಣದಲ್ಲಿ ಒಂದೇ ಹೆಸರಿನವರ ಮುಂದೆ 2, 3 ಅಂತ ನಂಬರ್ ಹಾಕುತ್ತಾರೆ. ನೋಡಕ್ಕೆ ಚೆಂದ ಇಲ್ಲ, ಕೆಲಸ ಆಗುತ್ತದೆ.

ನಮ್ಮ ಕಡೆ ಇದನ್ನು ಯಾವಾಗಲೋ ಸರಿ ಮಾಡಿಟ್ಟಿದ್ದರು, ಅಲ್ವಾ? ಮೈಸೂರು ಟಿ. ಚೌಡಯ್ಯ. ಮೈಸೂರು ಅವರು ಬಾಳಿದ ಊರು, ಟಿ ಅಂದರೆ ಹುಟ್ಟೂರು ತಿರುಮಕೂಡಲು. ಜನ ಪಿಟೀಲು ಚೌಡಯ್ಯ ಅಂದರೂ ಗೊಂದಲ ಇಲ್ಲ. ವೀಣೆ ಶೇಷಣ್ಣ ಅಂದರೆ ಕೇಳಲೇಬೇಕಿಲ್ಲ. ಊರು, ವಾದ್ಯ, ಇನಿಷಿಯಲ್, ಇಷ್ಟಿದ್ದರೆ ಕ್ಯಾಸೆಟ್ ಅಂಗಡಿಯ ಹುಡುಗನೂ ಕಣ್ಣುಮುಚ್ಚಿ ಜೋಡಿಸುತ್ತಿದ್ದ. ಇಂಗ್ಲೆಂಡಿನ ಸ್ವೇಡ್ ಅನ್ನೋ ರಾಕ್ ತಂಡ ಅಮೆರಿಕಕ್ಕೆ ಹೋದಾಗ ಅಲ್ಲಿ ಅದೇ ಹೆಸರಿನ ಗಾಯಕಿ ಇದ್ದರು. ಆಕೆ ದಾವೆ ಹಾಕಿದ ಮೇಲೆ ಇವರು ಅಲ್ಲಿ ‘ದಿ ಲಂಡನ್ ಸ್ವೇಡ್’ ಆದರು. ಅವರೂ ಕೊನೆಗೆ ಊರಿನ ಹೆಸರಿಗೇ ಬಂದರು ನೋಡಿ.

ಈ ಆ್ಯಪ್ ಆ ಊರು, ಇನಿಷಿಯಲ್‌ಗಳನ್ನೇ ಕಸದ ಥರ ನೋಡುತ್ತದೆ. ಇದರ ಉಲ್ಟಾ ತೊಂದರೆಯೂ ಇದೆ. ಎಸ್. ಜಾನಕಿ ಒಬ್ಬರೇ. ಇಲ್ಲಿ ಚುಕ್ಕಿ ಇಟ್ಟ ಜಾನಕಿ ಬೇರೆ, ಚುಕ್ಕಿ ಇಲ್ಲದ ಜಾನಕಿ ಬೇರೆ, ಎಸ್ ಕೊನೆಗೆ ಹೋದ ಜಾನಕಿ ಇನ್ನೂ ಬೇರೆ. ಮೂವರು ಶ್ರೀನಿವಾಸ್‌ಗಳನ್ನು ಒಂದು ಮಾಡಿದವರು ಒಬ್ಬ ಜಾನಕಮ್ಮನನ್ನು ಮೂರು ಮಾಡಿ ಕೂರಿಸಿದ್ದಾರೆ.

ದೂರು ಕೊಟ್ಟೆ. ‘ನಿಮ್ಮ ಅಭಿಪ್ರಾಯ ನಮಗೆ ಮುಖ್ಯ’ ಅಂತ ಮೇಲ್ ಬಂತು. ಕೆಲವು ವಾರ ಕಳೆದು ನೋಡಿದರೆ ನಿರ್ವಾಣ ಎರಡು ಪುಟವಾಗಿ ಬೇರೆ ಆಗಿದೆ. ಶ್ರೀನಿವಾಸ್ ಪುಟ ಹಾಗೇ ಇದೆ. ಇಂಗ್ಲಿಷ್ ತಂಡಕ್ಕೆ ಒಂದು ನ್ಯಾಯ, ಪಿಬಿಎಸ್‌ಗೆ ಒಂದು ನ್ಯಾಯ. ನನಗೆ ಜಾಸ್ತಿ ಉರಿದಿದ್ದು ಇದಕ್ಕೇ.

ಐದಕ್ಕೆ ಮೂರು ಸ್ಟಾರ್. ಮೂರೂ ಸೌಂಡಿಗೆ. ತಗೊಳ್ಳುವುದಾದರೆ ತಿಂಗಳ ಚಂದಾ ಸಾಕು, ವರ್ಷದ್ದು ಬೇಡ. ಗಾಯಕರ ಹೆಸರು ಹಾಕಿ ಹುಡುಕಬೇಡಿ, ಸಿನಿಮಾ ಅಥವಾ ಆಲ್ಬಂ ಹೆಸರು ಹಾಕಿ. ಸಿಕ್ಕಿದ್ದನ್ನು ನಿಮ್ಮದೇ ಪಟ್ಟಿಗೆ ಸೇರಿಸಿ, ಅದಕ್ಕೆ ಇನಿಷಿಯಲ್ ಸಮೇತ ಹೆಸರಿಡಿ. ಅಮ್ಮನಿಗೆ ಹಾಗೆ ಒಂದು ಪಟ್ಟಿ ಮಾಡಿಕೊಟ್ಟಿದ್ದೇನೆ. ಆದರೆ ಅದು ಮುಗಿದ ತಕ್ಷಣ ಆ್ಯಪ್ ತಾನಾಗೇ ಮುಂದಿನ ಹಾಡು ಹಾಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡುವುದನ್ನು ಮರೆಯಬೇಡಿ.